ಹಾಸನದ ಹಸುವಿಗೆ ಇರುವ ನಿಯಮ ಚಿಕ್ಕಮಗಳೂರಿನ ಕುದುರೆಗೆ ಯಾಕಿಲ್ಲ?

ಹಾಸನ ಜಿಲ್ಲೆಯಲ್ಲಿ ಹಸು ಬೆದೆಗೆ ಬಂದರೆ ರೈತರು ಪಶು ಆಸ್ಪತ್ರೆಗೋ ಡೈರಿಯವರಿಗೋ ಫೋನ್ ಮಾಡುತ್ತಾರೆ. ಅವರು ಬಂದು ಕ್ಯಾನಿನ ಮುಚ್ಚಳ ತೆಗೆಯುತ್ತಾರೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಬಿಳಿ ಹೊಗೆ ಏಳುತ್ತದೆ. ಚಿಮುಟದಲ್ಲಿ ಒಂದು ಸಣ್ಣ ಕಡ್ಡಿ ಎತ್ತಿ, ಬೆಚ್ಚಗಿನ ನೀರಿನಲ್ಲಿ ಅದ್ದಿ, ಒರೆಸಿ, ಗನ್ನಿಗೆ ಹಾಕುತ್ತಾರೆ. ಹಳ್ಳಿಯಲ್ಲಿ ಇದಕ್ಕೆ 'ಇಂಜೆಕ್ಷನ್ ಕೊಡಿಸೋದು' ಅಂತಲೇ ಹೆಸರು. ಆ ಕಡ್ಡಿಯಲ್ಲಿ ಇರುವುದು ಕಾಲು ಮಿಲಿಲೀಟರ್ ವೀರ್ಯ. ಮೇಲೆ ಹೋರಿಯ ನಂಬರು, ತಳಿ, ಯಾವ ವೀರ್ಯ ಕೇಂದ್ರದ್ದು ಅಂತೆಲ್ಲ ಅಚ್ಚಾಗಿರುತ್ತದೆ.

ಯಾವ ರೈತನೂ ಅದನ್ನು ಓದುವುದಿಲ್ಲ. ಓದದಿದ್ದರೂ ನಡೆಯುತ್ತದೆ. ಯಾಕೆಂದರೆ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಹೋರಿಯೊಂದನ್ನು ವೀರ್ಯ ಕೇಂದ್ರಕ್ಕೆ ಸೇರಿಸುವ ಮೊದಲೇ ಅದರ ರಕ್ತ ತೆಗೆದು ವಂಶದಲ್ಲಿ ಬರುವ ಕಾಯಿಲೆಗಳನ್ನು ಪರೀಕ್ಷೆ ಮಾಡಿರುತ್ತಾರೆ. ಸೋಂಕು ತಡೆಯಲಾಗದ ಬ್ಲ್ಯಾಡ್, ರಕ್ತದಲ್ಲಿ ಅಮೋನಿಯಾ ಏರುವ ಸಿಟ್ರುಲಿನೀಮಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಫ್ಯಾಕ್ಟರ್ 11 ಕೊರತೆ, ಜೊತೆಗೆ ಕ್ರೋಮೋಸೋಮ್ ಸರಿಯಿದೆಯಾ ಅನ್ನೋದು. ಇದು ಕೇಂದ್ರ ಸರ್ಕಾರ ವೀರ್ಯ ಕೇಂದ್ರಗಳಿಗೆ ಹಾಕಿರುವ ಕನಿಷ್ಠ ಮಾನದಂಡದಲ್ಲೇ ಇದೆ. ಎರಡು ಹಸು ಕಟ್ಟಿಕೊಂಡು ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಅರಕಲಗೂಡಿನ ಮನೆಗೂ ಈ ರಕ್ಷಣೆ ಸಿಗುತ್ತಿದೆ, ಅವರು ಕೇಳದೆಯೇ.

ಈಗ ಮೂಡಿಗೆರೆ, ಸಕಲೇಶಪುರದ ಕಡೆ ಬನ್ನಿ. ಕೆಲವು ತೋಟಗಳಲ್ಲಿ, ರೆಸಾರ್ಟುಗಳಲ್ಲಿ ಕುದುರೆಗಳಿವೆ. ಒಂದಷ್ಟು ಬೆಂಗಳೂರು, ಮೈಸೂರಿನ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ಒಂದಷ್ಟು ಪುಷ್ಕರದಿಂದಲೋ ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಿಂದಲೋ ದಲ್ಲಾಳಿಗಳ ಮೂಲಕ ಬಂದ ಮಾರ್ವಾಡಿ, ಕಾಠಿಯಾವಾಡಿ ತಳಿಯವು. ಸ್ವಲ್ಪ ದಿನ ಸವಾರಿ ಆದಮೇಲೆ 'ಒಂದು ಮರಿ ತೆಗೆಯೋಣ' ಅನ್ನೋ ಆಸೆ ಸಹಜವಾಗಿ ಬರುತ್ತದೆ. ಹಸುವಿಗಿಂತ ಎಷ್ಟೋ ಪಟ್ಟು ದುಡ್ಡು ಕೊಟ್ಟು ತಂದ ಪ್ರಾಣಿ. ಆದರೆ ಅದರ ಮರಿಗೆ ಹಸುವಿನ ಕರುವಿಗಿರುವ ಆ ಒಂದು ಪರೀಕ್ಷೆಯ ಭರವಸೆ ಇಲ್ಲ.

ಕುದುರೆ ಮಾರುವವರು ಹೇಳುವುದು ಬೇರೆ. "ಪಕ್ಕಾ ಮಾರ್ವಾಡಿ ಸಾರ್. ಕಿವಿ ನೋಡಿ, ತುದಿಗೆ ತುದಿ ಕೂಡ್ತವೆ." ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಜೊತೆಗೆ ಬಂದ ಹಿರಿಯರೊಬ್ಬರು ಸುಳಿ ನೋಡುತ್ತಾರೆ. ಎತ್ತು ಕೊಳ್ಳುವಾಗಲೂ ನಮ್ಮವರು ಸುಳಿ ಬಿಡುವುದಿಲ್ಲ, ಅಜ್ಜಂಪುರದಲ್ಲಿ ಅಮೃತ್ ಮಹಲ್ ಕರುಗಳ ಹರಾಜು ನೋಡಿದವರಿಗೆ ಇದು ಗೊತ್ತು. ಕಣ್ಣಿಗೆ ಕಾಣುವುದನ್ನೆಲ್ಲ ನೋಡಿ ಮುಗಿಸುತ್ತೇವೆ. ಕಾಣದೇ ಇರುವುದಕ್ಕೆ ಕಾಗದ ನಂಬುತ್ತೇವೆ. ಆ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನೋದೇ ಇಲ್ಲಿನ ಮುಖ್ಯ ವಿಷಯ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. 'ನೋಂದಾಯಿತ ತಳಿ' ಬೇರೆ, 'ನೋಂದಾಯಿತ ಕುದುರೆ' ಬೇರೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಶಿ ತಳಿಗಳನ್ನು ಗುರುತಿಸಿ ಪಟ್ಟಿ ಮಾಡುತ್ತದೆ. ಹಳ್ಳಿಕಾರ್, ಅಮೃತ್ ಮಹಲ್ ಆ ಪಟ್ಟಿಯಲ್ಲಿವೆ. ಕುದುರೆಗಳಲ್ಲಿ ಮಾರ್ವಾಡಿ, ಕಾಠಿಯಾವಾಡಿ, ಸ್ಪಿತಿ, ಝಾನ್ಸ್ಕರಿ, ಮಣಿಪುರಿ, ಭೂಟಿಯಾ, ಕಚ್ಛಿ-ಸಿಂಧಿ, ಇತ್ತೀಚೆಗೆ ಸೇರಿದ ಮಹಾರಾಷ್ಟ್ರದ ಭೀಮಥಡಿ ಇವೆ. ಕರ್ನಾಟಕದ್ದು ಅಂತ ಒಂದೂ ಇಲ್ಲ. ಬೇಲೂರು, ಹಳೇಬೀಡಿನ ಗೋಡೆ ತುಂಬ ಕುದುರೆ ಸಾಲು ಕೆತ್ತಿಸಿಕೊಂಡ ಜಿಲ್ಲೆಗೆ ತನ್ನದೇ ಒಂದು ಕುದುರೆ ತಳಿ ಇಲ್ಲದಿರುವುದು ತಮಾಷೆಯೇ, ಇರಲಿ. ಈ ಪಟ್ಟಿ ಒಂದು ಇಡೀ ಸಮುದಾಯಕ್ಕೆ ಸಿಗುವ ಮಾನ್ಯತೆ. ನಿಮ್ಮ ಲಾಯದಲ್ಲಿ ನಿಂತಿರುವ ಕುದುರೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಒಂದೊಂದು ಕುದುರೆಯನ್ನೂ ಬರೆದುಕೊಳ್ಳುವ ಪುಸ್ತಕಕ್ಕೆ ಸ್ಟಡ್ ಬುಕ್ ಅನ್ನುತ್ತಾರೆ. ಇಂಗ್ಲೆಂಡಿನ ಜನರಲ್ ಸ್ಟಡ್ ಬುಕ್ 1791ರಿಂದ ಇದೆ. ನಮ್ಮ ರೇಸ್ ಕುದುರೆಗಳಿಗೆ ಇಂಡಿಯನ್ ಸ್ಟಡ್ ಬುಕ್ ಇದೆ, ಅದರ ಕೆಲಸ ನಡೆಯುವುದು ಪುಣೆಯಲ್ಲಿ. ಈ ವಿಷಯದಲ್ಲಿ ಥರೋಬ್ರೆಡ್‌ನವರು ಬಹಳ ಕಟ್ಟುನಿಟ್ಟು. ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ, ಗಂಡು ಹೆಣ್ಣು ನೇರವಾಗಿ ಕೂಡಬೇಕು. ಹುಟ್ಟಿದ ಮರಿಯ ಡಿಎನ್ಎ ತಂದೆತಾಯಿಯ ಡಿಎನ್ಎಗೆ ತಾಳೆಯಾಗಬೇಕು. ಮಾರ್ವಾಡಿಗೂ ನೋಂದಣಿ ಮಾಡುವ ಸಂಘಗಳಿವೆ, ಅಲ್ಲಿ ರೂಪಲಕ್ಷಣಕ್ಕೆ ತೂಕ ಜಾಸ್ತಿ.

ಆದರೆ ತಂದೆ ಯಾರು ಅನ್ನೋದು ಒಂದು ಪ್ರಶ್ನೆ, ತಂದೆ ಏನು ಕೊಟ್ಟ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕಲು ಡಿಎನ್ಎ ಪರೀಕ್ಷೆಗೆಂದು ಕಿತ್ತ ಅದೇ ಕೂದಲಲ್ಲಿ ಎರಡನೆಯದಕ್ಕೂ ಉತ್ತರ ಇರುತ್ತದೆ. ಕೇಳುವುದಿಲ್ಲ, ಅಷ್ಟೇ.

ಕೇಳದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಅರಬ್ಬಿ ಕುದುರೆಗಳ ಸ್ಕಿಡ್ ಅನ್ನೋ ಕಾಯಿಲೆ ನೋಡಿ. ಮರಿ ಹುಟ್ಟುವಾಗ ಚೆನ್ನಾಗಿರುತ್ತದೆ. ಎದ್ದು ನಿಲ್ಲುತ್ತದೆ, ಗಿಣ್ಣು ಹಾಲು ಕುಡಿಯುತ್ತದೆ, ಕುಣಿದಾಡುತ್ತದೆ. ಗಿಣ್ಣಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಇರುವುದರಿಂದ ಮೊದಲ ಕೆಲವು ವಾರ ಯಾರಿಗೂ ಅನುಮಾನ ಬರುವುದಿಲ್ಲ. ಆ ಎರವಲು ಶಕ್ತಿ ಕರಗಿದ ಮೇಲೆ ತೊಂದರೆ ಶುರು. ಮರಿಗೆ ತನ್ನದೇ ರೋಗನಿರೋಧಕ ಕಣಗಳು ತಯಾರಾಗುವುದೇ ಇಲ್ಲ, ಯಾಕೆಂದರೆ ಒಂದು ಜೀನಿನಲ್ಲಿ 5 ಅಕ್ಷರಗಳಷ್ಟು ಡಿಎನ್ಎ ಬಿಟ್ಟುಹೋಗಿದೆ. ಕೆಮ್ಮು, ಜ್ವರ, ಭೇದಿ. ಡಾಕ್ಟರ್ ಬಂದು ಆಂಟಿಬಯೋಟಿಕ್ ಕೊಡುತ್ತಾರೆ, ಇಳಿಯುತ್ತದೆ, ಮತ್ತೆ ಏರುತ್ತದೆ. 5 ತಿಂಗಳ ಒಳಗೆ ಮರಿ ಸಾಯುತ್ತದೆ. ಹೆಣ್ಣು ಕುದುರೆ ಗಬ್ಬವಿರುವುದು 11 ತಿಂಗಳು. ಎರಡೂ ಸೇರಿ ಸುಮಾರು ಒಂದೂಕಾಲು ವರ್ಷದ ಮೇವು, ಆರೈಕೆ, ಆಸೆ ಎಲ್ಲ ಮಣ್ಣುಪಾಲು. ಮನೆಯವರು ದೃಷ್ಟಿ ತಾಕಿತು ಅಂತಲೋ ಮಳೆಗಾಲದ ಥಂಡಿ ಅಂತಲೋ ಸಮಾಧಾನ ಮಾಡಿಕೊಳ್ಳುತ್ತಾರೆ. ಮಲೆನಾಡಿನ ಮಳೆಯಲ್ಲಿ ಮರಿಗೆ ನ್ಯುಮೋನಿಯಾ ಆಯಿತು ಅಂದರೆ ಯಾರು ತಾನೇ ಜೀನ್ ಬಗ್ಗೆ ಯೋಚಿಸುತ್ತಾರೆ? ಮುಂದಿನ ವರ್ಷ ಅದೇ ಜೋಡಿ ಮತ್ತೆ ಕೂಡಿಸುತ್ತಾರೆ.

ಈ ಕಾಯಿಲೆಗೆ 1997ರಿಂದ ಡಿಎನ್ಎ ಪರೀಕ್ಷೆ ಇದೆ. ಆ ಕಾಲದಲ್ಲಿ ಅಮೆರಿಕದ ಅರಬ್ಬಿಗಳನ್ನು ಪರೀಕ್ಷಿಸಿದಾಗ ಸುಮಾರು 8% ಕುದುರೆಗಳು ವಾಹಕಗಳು ಅಂತ ಗೊತ್ತಾಯಿತು. ವಾಹಕ ಅಂದರೆ ಜೋಡಿಯಲ್ಲಿ ಒಂದು ಜೀನ್ ಕೆಟ್ಟಿದೆ, ಇನ್ನೊಂದು ಸರಿಯಿದೆ. ಅಂಥ ಕುದುರೆ ಗಟ್ಟಿಮುಟ್ಟಾಗಿ 20 ವರ್ಷ ಬಾಳುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡು ವಾಹಕಗಳು ಕೂಡಿದರೆ ಮಾತ್ರ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕದ ಜೊತೆ ಸರಿಯಾದ ಕುದುರೆ ಕೂಡಿದರೆ ಕಾಯಿಲೆಯ ಮರಿ ಹುಟ್ಟುವುದೇ ಇಲ್ಲ.

ಸ್ವಲ್ಪ ಲೆಕ್ಕ ಮಾಡೋಣ, ಕಷ್ಟವೇನಿಲ್ಲ. 100ಕ್ಕೆ 8 ವಾಹಕಗಳಿರುವ ದೊಡ್ಡ ಗುಂಪಿನಲ್ಲಿ ಯಾರು ಯಾರ ಜೊತೆ ಬೇಕಾದರೂ ಕೂಡಿದರೆ, ಎರಡೂ ವಾಹಕಗಳಾಗುವ ಸಾಧ್ಯತೆ 10,000ಕ್ಕೆ 64. ಅದರ ಕಾಲು ಭಾಗ ಅಂದರೆ 10,000 ಮರಿಗೆ 16. ಇಷ್ಟಕ್ಕೆ ಯಾಕಪ್ಪಾ ಗಲಾಟೆ ಅನ್ನಿಸಬಹುದು. ಆದರೆ ನಮ್ಮ ಕಡೆ ಕುದುರೆಗಳು ಇರುವುದೇ ಬೆರಳೆಣಿಕೆ, ಒಳ್ಳೆಯ ಗಂಡು ಅಂತ ಹೆಸರಾದದ್ದು ಒಂದೋ ಎರಡೋ. ಸುತ್ತಲಿನ ಹೆಣ್ಣು ಕುದುರೆಗಳನ್ನೆಲ್ಲ ಅದರ ಹತ್ತಿರವೇ ಕರೆದೊಯ್ಯುತ್ತಾರೆ. ಕೆಲವು ವರ್ಷದಲ್ಲಿ ಅದರ ಮೊಮ್ಮಗಳೂ ಅದರ ಹತ್ತಿರವೇ ಬರುತ್ತಾಳೆ. ಆ ಗಂಡು ವಾಹಕ ಆಗಿದ್ದರೆ, ಮೊಮ್ಮಗಳಿಗೆ ಆ ಕೆಟ್ಟ ಜೀನ್ ಇಳಿದಿರುವ ಸಾಧ್ಯತೆ ಕನಿಷ್ಠ ಕಾಲು ಭಾಗ. ಕಾಯಿಲೆಯ ಮರಿ ಹುಟ್ಟುವ ಸಾಧ್ಯತೆ ಆ ಕಾಲಿನ ಕಾಲು, ಅಂದರೆ 16ರಲ್ಲಿ ಒಂದು. 10,000ಕ್ಕೆ 16 ಇದ್ದದ್ದು 625 ಆಯಿತು. ಜೀನ್ ಅದೇ, ಬದಲಾಗಿದ್ದು ಜೋಡಿ ಮಾತ್ರ.

ಇದೇ ಕತೆ ಹಸುಗಳಲ್ಲಿ ಆಗಿಹೋಗಿದೆ. 1952ರಲ್ಲಿ ಹುಟ್ಟಿದ ಓಸ್ಬೋರ್ನ್‌ಡೇಲ್ ಐವನ್‌ಹೋ ಅನ್ನೋ ಹಾಲ್‌ಸ್ಟೀನ್ ಹೋರಿ, ಆಮೇಲೆ ಅದರ ವಂಶದ ಕಾರ್ಲಿನ್-ಎಂ ಐವನ್‌ಹೋ ಬೆಲ್. ಹಾಲಿನ ಇಳುವರಿಗೆ ಹೆಸರಾದ ವಂಶ. ವೀರ್ಯ ದೇಶದೇಶಗಳಿಗೆ ಹೋಯಿತು. ಜೊತೆಗೆ ಬ್ಲ್ಯಾಡ್ ಕೂಡ ಹೋಯಿತು. ಈ ಕಾಯಿಲೆಯ ಕರುಗಳಲ್ಲಿ ಬಿಳಿ ರಕ್ತಕಣ ಇರುತ್ತವೆ, ಆದರೆ ರಕ್ತನಾಳ ದಾಟಿ ಸೋಂಕಿನ ಜಾಗಕ್ಕೆ ಹೋಗಲಾರವು. 1992ರಲ್ಲಿ ಜೀನ್ ದೋಷ ಪತ್ತೆಯಾದಾಗ ಅಮೆರಿಕದಲ್ಲಿ ಪರೀಕ್ಷಿಸಿದ ಹಾಲ್‌ಸ್ಟೀನ್ ಹೋರಿಗಳಲ್ಲಿ ಸುಮಾರು 14% ವಾಹಕಗಳಾಗಿದ್ದವು. ಅಲ್ಲಿಂದ ವೀರ್ಯ ಕೇಂದ್ರಗಳು ಹೋರಿಗಳನ್ನು ಪರೀಕ್ಷೆ ಮಾಡತೊಡಗಿದವು, ಕಾಯಿಲೆ ಅಪರೂಪವಾಯಿತು. ಹಾಸನದ ಕಡ್ಡಿಯ ಹಿಂದಿನ ನಿಯಮ ಬಂದದ್ದು ಹೀಗೆ. ಹಸುವಿನಲ್ಲಿ ಇದು ಸುಲಭವಾಗಿದ್ದಕ್ಕೆ ಕಾರಣ ಇದೆ. ವೀರ್ಯವೆಲ್ಲ ಕೆಲವೇ ಕೇಂದ್ರಗಳಿಂದ ಹೊರಡುತ್ತದೆ. ಅಲ್ಲಿ ಒಂದು ಬಾಗಿಲು ಹಾಕಿದರೆ ಸಾಕು. ಕುದುರೆಯಲ್ಲಿ ಅಂಥ ಬಾಗಿಲು ಇಲ್ಲ, ಒಬ್ಬೊಬ್ಬರ ತೋಟದಲ್ಲಿ ಒಂದೊಂದು ಗಂಡು. ಇಲ್ಲಿ ಬಾಗಿಲು ಅಂತ ಇದ್ದರೆ ಅದು ನೋಂದಣಿ ಪುಸ್ತಕ ಒಂದೇ.

ಆ ಪುಸ್ತಕದವರು ಮನಸ್ಸು ಮಾಡಿದರೆ ಏನಾಗುತ್ತದೆ, ಅರೆಮನಸ್ಸು ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿ ಒಳ್ಳೆಯ ಪಾಠ. 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಅನ್ನೋ ಗಂಡು ಕುದುರೆ. ಮೈಕಟ್ಟು ನೋಡಿ ಬಹುಮಾನ ಕೊಡುವ ಪ್ರದರ್ಶನಗಳಲ್ಲಿ ಅದನ್ನು ಮೀರಿಸಿದವರಿಲ್ಲ. ಅದರ ಮರಿಗಳೂ ಹಾಗೇ, ಪೈಲ್ವಾನರ ಮೈ. ಆದರೆ ಅವುಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ನಡುಗುತ್ತಿದ್ದವು, ಕಣ್ಣಿನ ಒಳರೆಪ್ಪೆ ಮೇಲೆ ಬರುತ್ತಿತ್ತು, ಹಿಂಗಾಲು ಕುಸಿದು ಬಿದ್ದುಬಿಡುತ್ತಿದ್ದವು. ಕೆಲವು ಸತ್ತವು. ಕಾಯಿಲೆಯ ಹೆಸರು ಎಚ್‌ವೈಪಿಪಿ. ಸ್ನಾಯುವಿನೊಳಗೆ ಸೋಡಿಯಂ ಬಿಡುವ ಪ್ರೋಟೀನು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಪೊಟ್ಯಾಶಿಯಂ ಜಾಸ್ತಿ ಇರುವ ಮೇವು ತಿಂದರೆ ಕೆರಳುತ್ತದೆ. ಕುದುರೆಮಸಾಲೆ ಸೊಪ್ಪು, ಕಾಕಂಬಿ ಎರಡೂ ಆ ಪಟ್ಟಿಯಲ್ಲಿವೆ. ನಮ್ಮಲ್ಲಿ ಒಳ್ಳೆಯ ಮೇವು ಅಂತ ಪ್ರೀತಿಯಿಂದ ಹಾಕುವಂಥವೇ.

1992ರಲ್ಲಿ ಜೀನ್ ಸಿಕ್ಕಿತು. ಸ್ಕಿಡ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಒಂದೇ ಕೆಟ್ಟ ಜೀನ್ ಇದ್ದರೂ ಕಾಯಿಲೆ ಬರಬಹುದು. ಎರಡೂ ಕೆಟ್ಟಿದ್ದರೆ ಇನ್ನೂ ಜೋರು. ಹಾಗಿದ್ದರೆ ನಿಯಮ ಸರಳವಾಗಿರಬೇಕಿತ್ತು ಅಲ್ವಾ? ಕೆಟ್ಟ ಜೀನ್ ಇರುವ ಯಾವ ಕುದುರೆಯಿಂದಲೂ ಮರಿ ತೆಗೆಯಬೇಡಿ, ಮುಗಿಯಿತು. ಹಾಗಾಗಲಿಲ್ಲ. 1998ರಿಂದ ಹುಟ್ಟುವ ಇಂಪ್ರೆಸಿವ್ ವಂಶದ ಮರಿಗಳ ಕಾಗದದ ಮೇಲೆ ಕಾಯಿಲೆಯ ಬಗ್ಗೆ ಸೂಚನೆ ಬರೆಯತೊಡಗಿದರು. 2007ರಿಂದ ಹುಟ್ಟಿದ ಮರಿಗಳಲ್ಲಿ ಎರಡೂ ಜೀನ್ ಕೆಟ್ಟಿದ್ದರೆ ನೋಂದಣಿ ಇಲ್ಲ ಅಂದರು. ಜೀನ್ ಸಿಕ್ಕಿ 15 ವರ್ಷ ಆದಮೇಲೆ. ಒಂದು ಕೆಟ್ಟ ಜೀನ್ ಇರುವ ಮರಿಗೆ ಈ ನಿಯಮ ಅಡ್ಡಬರಲಿಲ್ಲ. ಅದೇ ಮೈಕಟ್ಟಿಗೆ ಬಹುಮಾನ, ಬಹುಮಾನಕ್ಕೆ ಬೆಲೆ. ಕಾಯಿಲೆಯೂ ಮಾರುಕಟ್ಟೆಯೂ ಒಂದೇ ಜೀನಿಗೆ ಅಂಟಿಕೊಂಡಾಗ ಸಂಘದವರು ಮಾರುಕಟ್ಟೆಯ ಕಡೆ ನೋಡಿಕೊಂಡೇ ನಿಯಮ ಬರೆಯುತ್ತಾರೆ. ನನ್ನ ಮಟ್ಟಿಗೆ ಇದು ಅರ್ಧ ನಿಯಮ. ಆದರೂ ಒಂದನ್ನು ಒಪ್ಪಬೇಕು. 1998ರ ಆ ಸೂಚನೆ ಬಂದಮೇಲೆ 'ನಮಗೆ ಗೊತ್ತಿರಲಿಲ್ಲ' ಅಂತ ಕೊಳ್ಳುವವರೂ ಹೇಳುವಂತಿಲ್ಲ, ಮಾರುವವರೂ ಹೇಳುವಂತಿಲ್ಲ.

ಹಾಗಂತ ವಾಹಕಗಳನ್ನೆಲ್ಲ ಹೊರಗೆ ಹಾಕಿ ಅನ್ನೋದೂ ದಡ್ಡತನ. ಹಾಲೆಂಡಿನ ಕಪ್ಪು ಫ್ರೀಸಿಯನ್ ಕುದುರೆಗಳನ್ನು ನೋಡಿ. 1913ರ ಹೊತ್ತಿಗೆ ಆ ತಳಿಯಲ್ಲಿ ಉಳಿದಿದ್ದ ಬೀಜದ ಗಂಡುಗಳು ಮೂರೇ. ಇವತ್ತಿನ ಫ್ರೀಸಿಯನ್‌ಗಳೆಲ್ಲ ಅಂಥ ಇಕ್ಕಟ್ಟಿನಿಂದ ಬಂದವು. ಕುಬ್ಜತೆ, ಮೆದುಳಿನಲ್ಲಿ ನೀರು ತುಂಬುವ ಕಾಯಿಲೆ ಎರಡೂ ಆ ತಳಿಯಲ್ಲಿವೆ. ವಾಹಕಗಳನ್ನೆಲ್ಲ ಒಂದೇ ಸಲ ತೆಗೆದುಹಾಕಿದರೆ ಉಳಿದ ಕೆಲವೇ ಕುದುರೆಗಳ ಮೇಲೆ ಭಾರ ಬೀಳುತ್ತದೆ, ಇನ್ನೂ ಪತ್ತೆಯಾಗದ ಬೇರೊಂದು ದೋಷ ಮೇಲೆ ಬರುತ್ತದೆ. ಅದಕ್ಕೇ ಅಲ್ಲಿ ಗಂಡುಗಳ ಪರೀಕ್ಷೆ ಮಾಡಿ ಫಲಿತಾಂಶ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ವಾಹಕ ಹೆಣ್ಣಿರುವವರು ವಾಹಕವಲ್ಲದ ಗಂಡು ಹುಡುಕಿಕೊಳ್ಳುತ್ತಾರೆ. ಅಜ್ಜಂಪುರದ ಅಮೃತ್ ಮಹಲ್‌ನಂಥ ಚಿಕ್ಕ ತಳಿಗಳಿಗೂ ಈ ದಾರಿಯೇ ಸರಿ ಅಂತ ನನಗನ್ನಿಸುತ್ತದೆ.

ಬಣ್ಣದ ಹುಚ್ಚಿನ ಬಗ್ಗೆಯೂ ಒಂದು ಮಾತು. ಮೈಮೇಲೆ ದೊಡ್ಡ ಬಿಳಿ ಮಚ್ಚೆಗಳಿರುವ ಪೇಂಟ್ ಕುದುರೆಗಳಲ್ಲಿ 'ಫ್ರೇಮ್' ಅನ್ನೋ ಒಂದು ವಿನ್ಯಾಸ ಇದೆ. ಆ ಜೀನ್ ಒಂದೇ ಇದ್ದರೆ ಚೆಂದದ ಮಚ್ಚೆ. ಎರಡು ಬಂದರೆ ಮರಿ ಪೂರ್ತಿ ಬಿಳಿಯಾಗಿ ಹುಟ್ಟುತ್ತದೆ, ಕರುಳಿಗೆ ನರಗಳೇ ಇರುವುದಿಲ್ಲ, ಹೊಟ್ಟೆಶೂಲೆಯಿಂದ ಕೆಲವೇ ದಿನದಲ್ಲಿ ಸಾಯುತ್ತದೆ. ವಿದೇಶಿ ಮಚ್ಚೆ ಕುದುರೆಗಳ ಜೋಡಿ ಮಾಡುವವರು ಇದನ್ನು ಪರೀಕ್ಷಿಸದೆ ಮುಂದುವರಿಯಲೇಬಾರದು.

ನಮ್ಮ ದೇಶದ ಕಾನೂನು ಕುದುರೆಯ ಕಾಯಿಲೆ ಅಂದರೆ ಗಮನ ಕೊಡುವುದು ಅಂಟುರೋಗಕ್ಕೆ. ಗ್ಲ್ಯಾಂಡರ್ಸ್ ಬಂದರೆ 2009ರ ಕೇಂದ್ರ ಕಾಯ್ದೆಯಡಿ ಇಲಾಖೆಗೆ ತಿಳಿಸಲೇಬೇಕು. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಕುದುರೆಯನ್ನು ಕೊಲ್ಲುತ್ತಾರೆ. ಅದು ಮನುಷ್ಯರಿಗೂ ಬರುವ ಕಾಯಿಲೆ, ಕಾನೂನು ಇರಲೇಬೇಕು. ವಂಶದ ಕಾಯಿಲೆ ಪಕ್ಕದ ಲಾಯಕ್ಕೆ ಹಾರುವುದಿಲ್ಲ, ಆದ್ದರಿಂದ ಪೊಲೀಸು, ಕಾಯ್ದೆ ಬೇಕಿಲ್ಲ. ಆದರೆ ಸಂಘಕ್ಕೆ ಕಾಯ್ದೆಗಿಂತ ದೊಡ್ಡ ಅಸ್ತ್ರ ಇದೆ. ಕಾಗದ ಇಲ್ಲದ ಕುದುರೆಗೆ ಬೆಲೆ ಇಲ್ಲ, ಪ್ರದರ್ಶನಕ್ಕೆ ಪ್ರವೇಶ ಇಲ್ಲ. 'ಪರೀಕ್ಷೆ ಮಾಡಿಸದಿದ್ದರೆ ಕಾಗದ ಇಲ್ಲ' ಅಂತ ಒಂದು ಸಾಲು ಬರೆದರೆ ಎಲ್ಲರೂ ತಾವಾಗಿಯೇ ಕೂದಲು ಕಿತ್ತು ಕಳಿಸುತ್ತಾರೆ.

ಎಲ್ಲಿಂದ ಶುರು ಮಾಡಬೇಕು? ಗಂಡುಗಳಿಂದ. ಹೆಣ್ಣು ಕುದುರೆ ವರ್ಷಕ್ಕೆ ಹಾಕುವುದು ಒಂದೇ ಮರಿ, ಗಂಡು ಹತ್ತಾರು ಮರಿಗಳ ತಂದೆಯಾಗುತ್ತದೆ. ಬೀಜಕ್ಕೆ ಬಿಡುವ ಪ್ರತಿ ಗಂಡಿನ ಫಲಿತಾಂಶ ಅದರ ನೋಂದಣಿ ಕಾಗದದ ಮೇಲೇ ಅಚ್ಚಾಗಲಿ. ವಾಹಕ ಅಂತ ಬಂದರೂ ನೋಂದಣಿ ಇರಲಿ. ಮುಚ್ಚಿಟ್ಟರೆ ಮಾತ್ರ ರದ್ದಾಗಲಿ. ವಾಹಕ ಅಂದ ತಕ್ಷಣ ಕುದುರೆಯ ಬೆಲೆ ಬಿದ್ದುಹೋಗುತ್ತದೆ ಅನ್ನೋ ಭಯ ಇರುವವರೆಗೆ ಯಾರೂ ಪರೀಕ್ಷೆ ಮಾಡಿಸುವುದಿಲ್ಲ, ಮಾಡಿಸಿದರೂ ಹೇಳುವುದಿಲ್ಲ.

ಪರೀಕ್ಷೆಯೇನೂ ದೊಡ್ಡ ಕೆಲಸವಲ್ಲ. ಕುತ್ತಿಗೆಯ ಜೂಲಿನಿಂದಲೋ ಬಾಲದಿಂದಲೋ ಇಪ್ಪತ್ತು ಮೂವತ್ತು ಕೂದಲು ಬೆರಳಿಗೆ ಸುತ್ತಿಕೊಂಡು ಗಬಕ್ಕನೆ ಎಳೆಯಬೇಕು. ಬುಡದಲ್ಲಿ ಸಣ್ಣ ಬಿಳಿ ಗಡ್ಡೆ ಕಾಣಬೇಕು, ಡಿಎನ್ಎ ಇರುವುದು ಅಲ್ಲಿ. ಕತ್ತರಿಯಲ್ಲಿ ಕತ್ತರಿಸಿದ ಕೂದಲು ಪ್ರಯೋಜನವಿಲ್ಲ. ಒಣ ಕಾಗದದ ಕವರಿನಲ್ಲಿ ಹಾಕಿ ಕುದುರೆಯ ಹೆಸರು ಬರೆದರೆ ಆಯಿತು. ಲಾಯದಲ್ಲಿ ಎರಡು ಕುದುರೆ ಇದ್ದರೆ ಒಂದರ ಕೂದಲು ಇನ್ನೊಂದರ ಕವರಿಗೆ ಬೀಳದಂತೆ ಕೈ ತೊಳೆದುಕೊಳ್ಳಿ, ಸುಮ್ನೆ ಗೊಂದಲ ಬೇಡ.

ಒಂದು ಎಚ್ಚರಿಕೆ. ಪರೀಕ್ಷೆ ಹುಡುಕುವುದು ಈಗಾಗಲೇ ಗೊತ್ತಿರುವ ದೋಷವನ್ನು ಮಾತ್ರ. ಅಮೆರಿಕದ ಕ್ವಾರ್ಟರ್ ಹಾರ್ಸ್‌ಗೆಂದು ಜೋಡಿಸಿದ ಪರೀಕ್ಷೆಗಳ ಕಟ್ಟನ್ನು ಮಾರ್ವಾಡಿಗೆ ಮಾಡಿಸಿ 'ಎಲ್ಲ ಕ್ಲಿಯರ್' ಅಂತ ಬಂದರೆ ಅದಕ್ಕೆ ಹೆಚ್ಚು ಅರ್ಥವಿಲ್ಲ. ಇನ್ನು ಕೆಲವು ಪರೀಕ್ಷೆಗಳು ಮಾರಾಟಕ್ಕಿವೆ ಅಂದಮಾತ್ರಕ್ಕೆ ಸಾಬೀತಾದವು ಅಂತಲ್ಲ. ಪಿಎಸ್‌ಎಸ್‌ಎಂ-2 ಅನ್ನೋ ಸ್ನಾಯು ಕಾಯಿಲೆಗೆ ಒಂದು ಖಾಸಗಿ ಪರೀಕ್ಷೆ ಬಂತು. ತಜ್ಞರು ಸ್ನಾಯುವಿನ ತುಣುಕು ತೆಗೆದು ಹೋಲಿಸಿ ನೋಡಿದಾಗ ಎರಡಕ್ಕೂ ತಾಳೆಯೇ ಆಗಲಿಲ್ಲ. ಅದೇ ಥರದ ಇನ್ನೊಂದು ಸ್ನಾಯು ಕಾಯಿಲೆಯಾದ ಪಿಎಸ್‌ಎಸ್‌ಎಂ-1ರ ಪರೀಕ್ಷೆ ಬೇರೆ, ಅದು ಗಟ್ಟಿಯಾದದ್ದು. ಸಂಘಗಳು ನಿಯಮ ಮಾಡುವಾಗ ಈ ವ್ಯತ್ಯಾಸ ನೋಡದೆ ಇದ್ದಬದ್ದ ಪರೀಕ್ಷೆಯನ್ನೆಲ್ಲ ಕಡ್ಡಾಯ ಮಾಡಿದರೆ ಲ್ಯಾಬಿನವರಿಗೆ ಲಾಭ, ಕುದುರೆಗೆ ಏನೂ ಇಲ್ಲ.

ಹಾಗಾಗಿ ನಿಯಮ ಬರುವವರೆಗೆ ತೋಟದಲ್ಲಿ ಮರಿ ತೆಗೆಯುವ ಯೋಚನೆ ಇರುವವರು ತಳಿ ನೋಡಿ ನಡೆಯುವುದು ಒಳ್ಳೆಯದು. ಅರಬ್ಬಿ ಅಥವಾ ಅರಬ್ಬಿ ಮಿಶ್ರತಳಿಯಾದರೆ ಸ್ಕಿಡ್, ಮೆದುಳಿನ ದೋಷದಿಂದ ಮರಿ ತೋಲ ತಪ್ಪುವ ಸೆರೆಬೆಲ್ಲರ್ ಅಬಯೋಟ್ರೊಫಿ, ಹುಟ್ಟಿದ ಮರಿ ಎದ್ದು ನಿಲ್ಲಲಾರದ ಲ್ಯಾವೆಂಡರ್ ಫೋಲ್, ಈ ಮೂರು ಕಾಯಿಲೆಗಳ ಫಲಿತಾಂಶವನ್ನೂ ಎರಡೂ ಕಡೆಯಿಂದ ಕೇಳಿ. ಗಂಡಿನ ಫಲಿತಾಂಶ ಕ್ಲಿಯರ್ ಇದ್ದರೆ ನಿಮ್ಮ ಹೆಣ್ಣು ವಾಹಕವಾದರೂ ಆ ಕಾಯಿಲೆಯ ಮರಿ ಹುಟ್ಟುವುದಿಲ್ಲ. ರೇಸಿನಿಂದ ಬಂದ ಥರೋಬ್ರೆಡ್ ಹೆಣ್ಣನ್ನು ವಾರ್ಮ್‌ಬ್ಲಡ್ (ಯುರೋಪಿನ ಸವಾರಿ ತಳಿಗಳ) ಗಂಡಿಗೆ ಕೊಡುವುದಾದರೆ ಚರ್ಮ ಹರಿಯುವ ಫ್ರ್ಯಾಜೈಲ್ ಫೋಲ್ ಕಾಯಿಲೆಯ ಪರೀಕ್ಷೆ ಮಾಡಿಸಿ, ಅದು ಥರೋಬ್ರೆಡ್‌ಗಳಲ್ಲೂ ಅಲ್ಪ ಪ್ರಮಾಣದಲ್ಲಿದೆ. ಮಾರ್ವಾಡಿ, ಕಾಠಿಯಾವಾಡಿಗೆ ಸದ್ಯಕ್ಕೆ ತಂದೆತಾಯಿ ಖಚಿತಪಡಿಸುವ ಡಿಎನ್ಎ ಪರೀಕ್ಷೆಯೇ ಹೆಚ್ಚು ಉಪಯೋಗ. ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರು ಬರೆಸಿಕೊಳ್ಳಿ. ಗಂಡಿನ ಕಡೆಯೂ ಹೆಣ್ಣಿನ ಕಡೆಯೂ ಒಂದೇ ಅಜ್ಜನ ಹೆಸರು ಬಂದರೆ, ಕಿವಿ ಎಷ್ಟೇ ಚೆನ್ನಾಗಿ ಕೂಡಲಿ, ಬೇರೆ ಗಂಡು ಹುಡುಕಿ.